ನಾಣ್ಯದಂಥ ಕಲ್ಲು ಯಾವ ಕುಟುಂಬದ್ದು?

ಪ್ರಶ್ನೆ: ಕಛ್ ಪ್ರವಾಸದಲ್ಲಿ ಸುಣ್ಣಕಲ್ಲಿನ ದಿಬ್ಬವೊಂದರ ಬುಡದಲ್ಲಿ ನಾಣ್ಯದಂಥ ಚಪ್ಪಟೆ ಕಲ್ಲುಗಳು ಸಿಕ್ಕವು. ಹೊರಗಿನಿಂದ ನುಣುಪಾಗಿದ್ದ ಒಂದು ಕಲ್ಲು ಒಡೆದಾಗ ಒಳಗೆ ಬಿಗಿಯಾದ ಸುರುಳಿ ಕಂಡಿತು. ಇವು ಬಸವನಹುಳುವಿನ ಚಿಪ್ಪುಗಳೇ? ಕೆಲವು ರೂಪಾಯಿಯಷ್ಟು ಅಗಲ, ಹೆಚ್ಚಿನವು ಚನ್ನಂಗಿ ಬೇಳೆಯಷ್ಟು ಚಿಕ್ಕವು. ಇವು ಎರಡು ಬೇರೆ ಪ್ರಭೇದಗಳೇ?
– ಓದುಗರೊಬ್ಬರು, ತುಮಕೂರು

ಉತ್ತರ: ಬಸವನಹುಳುವಿಗೂ ಇವಕ್ಕೂ ಸುರುಳಿಯೊಂದನ್ನು ಬಿಟ್ಟರೆ ಯಾವ ನಂಟೂ ಇಲ್ಲ. ನಿಮ್ಮ ವಿವರಣೆಯಂತೆ ಇವು ಚಿಪ್ಪು ಕಟ್ಟುವ ಸಮುದ್ರಜೀವಿಗಳಾದ ಫೊರಾಮಿನಿಫೆರಾ ಗುಂಪಿನ ನ್ಯುಮ್ಯುಲೈಟಿಡೇ ಕುಟುಂಬಕ್ಕೆ ಸೇರಿದ, ಸುಮಾರು 4 ಕೋಟಿ ವರ್ಷ ಹಳೆಯ ಇಯೋಸೀನ್ ಯುಗದ ಪಳೆಯುಳಿಕೆಗಳು. ಲ್ಯಾಟಿನ್ನಿನಲ್ಲಿ ‘ನುಮ್ಮುಲಸ್’ ಎಂದರೆ ಪುಟ್ಟ ನಾಣ್ಯ. ಅಚ್ಚರಿಯೆಂದರೆ, ನೂರಾರು ಕೋಣೆಗಳ ಆ ಇಡೀ ಚಿಪ್ಪನ್ನು ಕಟ್ಟಿದ್ದು ಒಂದೇ ಒಂದು ಜೀವಕೋಶ.

ಸುರುಳಿ ಕಂಡು ಮೋಸಹೋದವರಲ್ಲಿ ನೀವು ಮೊದಲಿಗರೇನಲ್ಲ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಸುಣ್ಣಕಲ್ಲಿನಲ್ಲೂ ಇವು ತುಂಬಿವೆ. ಅವು ಕೆಲಸಗಾರರು ಉಂಡುಳಿದ ಬೇಳೆ ಕಲ್ಲಾದದ್ದು ಎಂಬ ಜನರ ಮಾತನ್ನು ಪ್ರಾಚೀನ ಭೂಗೋಳಜ್ಞ ಸ್ಟ್ರಾಬೊ ದಾಖಲಿಸಿದ್ದಾನೆ. 1826ರಲ್ಲಿ ಫ್ರಾನ್ಸಿನ ನಿಸರ್ಗವಿಜ್ಞಾನಿ ಆಲ್ಸಿಡ್ ಡೋರ್ಬಿನ್ಯಿ ಫೊರಾಮಿನಿಫೆರಾಗಳನ್ನು ಅಷ್ಟಪದಿ ಮತ್ತು ಸುರುಳಿ ಚಿಪ್ಪಿನ ನಾಟಿಲಸ್ ಇರುವ ಸೆಫಲೊಪಾಡ್ ವರ್ಗಕ್ಕೇ ಸೇರಿಸಿದ್ದರು. (ಸಾಲಿಗ್ರಾಮದೊಳಗೆ ಸುರುಳಿ ಮೂಡಿಸಿದ ಅಮೊನೈಟ್ ಕೂಡ ಆ ವರ್ಗದ್ದೇ.) ಇವು ಅಷ್ಟು ಜಟಿಲ ಪ್ರಾಣಿಗಳಲ್ಲ, ತೀರಾ ಸರಳ ಜೀವಿಗಳು ಎಂದು ಫ್ರಾನ್ಸಿನವರೇ ಆದ ಜೀವವಿಜ್ಞಾನಿ ಫೆಲಿಕ್ಸ್ ಡ್ಯುಜಾರ್ಡಿನ್ 1835ರಲ್ಲಿ ತೋರಿಸಿದ ಮೇಲೆಯೇ ವರ್ಗೀಕರಣ ಸರಿದಾರಿಗೆ ಬಂದದ್ದು.

ಹಾಗಾದರೆ ಕುಟುಂಬವನ್ನು ಗುರುತಿಸುವುದು ಹೇಗೆ? ಸುರುಳಿಯ ಆಕಾರಕ್ಕಿಂತ ಹೆಚ್ಚು ನಂಬಬಹುದಾದ ಗುರುತು ಪ್ರತಿ ಸುತ್ತಿನ ಹೊರ ಅಂಚಿನಲ್ಲಿ ಹಗ್ಗದ ಹುರಿಯಂತೆ ಸಾಗುವ, ಒಳಗೆ ಸೂಕ್ಷ್ಮ ನಾಳಗಳ ಜಾಲವಿರುವ ದಪ್ಪನೆಯ ಪಟ್ಟಿ. ಕುಲಗಳನ್ನು ಬೇರ್ಪಡಿಸುವಾಗ ಮಾತ್ರ ಸುರುಳಿಯ ರೀತಿ ಮುಖ್ಯವಾಗುತ್ತದೆ. ನ್ಯುಮ್ಯುಲೈಟಿಸ್‌ನಲ್ಲಿ ಪ್ರತಿ ಹೊಸ ಸುತ್ತು ಹಳೆಯದನ್ನು ಪೂರ್ತಿ ಮುಚ್ಚುವುದರಿಂದ, ಕಲ್ಲು ಒಡೆಯುವ ತನಕ ನಿಮಗೆ ಸುರುಳಿ ಕಾಣಲಿಲ್ಲ. ಆಪರ್ಕ್ಯುಲೈನಾದಲ್ಲಿ ಸುತ್ತುಗಳು ಹೊರಗಿನಿಂದಲೇ ಕಾಣುತ್ತವೆ. ಹೆಟೆರೊಸ್ಟೆಜಿನಾದಲ್ಲಿ ಕೋಣೆಗಳೊಳಗೆ ಮತ್ತೆ ಕಿರುಕೋಣೆಗಳಿರುತ್ತವೆ. ಸೈಕ್ಲೊಕ್ಲಿಪಿಯಸ್ ಸುರುಳಿಯಾಗಿ ಆರಂಭಗೊಂಡು ಆಮೇಲೆ ಉಂಗುರಗಳಾಗಿ ಬೆಳೆಯುತ್ತದೆ. ಈ ಕೊನೆಯ ಮೂರೂ ಇಂದಿಗೂ ಬೆಚ್ಚನೆಯ ಸಮುದ್ರಗಳಲ್ಲಿ ಬದುಕಿವೆ. ಅವುಗಳ ಡಿಎನ್‌ಎ ಆಧಾರದ ಅಧ್ಯಯನವೊಂದು, ಚಿಪ್ಪಿನ ಇಂಥ ಲಕ್ಷಣಗಳಲ್ಲಿನ ಹೋಲಿಕೆಗಳು ಬೇರೆ ಬೇರೆ ಕವಲುಗಳಲ್ಲಿ ಸ್ವತಂತ್ರವಾಗಿ ಮೂಡಿರಬಹುದೆಂದು 2003ರಲ್ಲಿ ತೋರಿಸಿತು. ಆದ್ದರಿಂದ ಹಳೆಯ ಪುಸ್ತಕಗಳ ಕುಲವಿಭಾಗವನ್ನು ಅಂತಿಮವೆಂದು ನಾನು ಎಣಿಸುವುದಿಲ್ಲ.

ಇನ್ನು ಗಾತ್ರ. ದೊಡ್ಡದೂ ಚಿಕ್ಕದೂ ಒಂದೇ ಪ್ರಭೇದದ ಎರಡು ತಲೆಮಾರುಗಳಾಗಿರುವ ಸಾಧ್ಯತೆ ಹೆಚ್ಚು. ಲೈಂಗಿಕ ಸಂತಾನೋತ್ಪತ್ತಿಯಿಂದ ಹುಟ್ಟಿದ್ದು ಅತಿ ಕಿರಿದಾದ ಮೊದಲ ಕೋಣೆಯಿಂದ ಹೊರಟು ದೊಡ್ಡ ಚಿಪ್ಪಾಗುತ್ತದೆ. ನಿರ್ಲಿಂಗ ರೀತಿಯಲ್ಲಿ ಹುಟ್ಟಿದ್ದು ದೊಡ್ಡ ಕೋಣೆಯಿಂದ ಹೊರಟೂ ಚಿಕ್ಕದಾಗಿಯೇ ನಿಲ್ಲುತ್ತದೆ, ಮತ್ತು ಸಾಮಾನ್ಯವಾಗಿ ಇವುಗಳ ಸಂಖ್ಯೆಯೇ ಹೆಚ್ಚು. ಇದು ತಿಳಿಯುವ ಮೊದಲು ಒಂದೇ ಪ್ರಭೇದಕ್ಕೆ ಎರಡೆರಡು ಹೆಸರುಗಳು ಬಿದ್ದದ್ದುಂಟು.

ನೀವೇ ಪರೀಕ್ಷಿಸಬಹುದು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಕಲ್ಲನ್ನು ಇಕ್ಕಳದಲ್ಲಿ ಹಿಡಿದು ಉರಿಯಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದರೆ, ಅದು ಬಹುಮಟ್ಟಿಗೆ ನಡುಮಟ್ಟದಲ್ಲಿಯೇ ಎರಡು ಹೋಳಾಗುತ್ತದೆ. ಭೂತಕನ್ನಡಿ ಹಿಡಿದು ನೋಡಿ: ಚಿಕ್ಕದರ ನಡುವೆ ದುಂಡನೆಯ ಕೋಣೆ ಸ್ಪಷ್ಟವಾಗಿ ಕಾಣಬೇಕು, ದೊಡ್ಡದರಲ್ಲಿ ಎಷ್ಟು ಹುಡುಕಿದರೂ ಅದು ಕಣ್ಣಿಗೆ ಬೀಳದಿರಬಹುದು.