ಲಾಳ ತೆಗೆದರೆ ಕುಂಟು ಹೋದೀತೇ?

ಪ್ರಶ್ನೆ: ನಾನು ಮೈಸೂರಿನಲ್ಲಿ ಟಾಂಗಾ ಓಡಿಸುತ್ತೇನೆ. ನನ್ನ ಒಂಬತ್ತು ವರ್ಷದ ಕುದುರೆ ಮೂರು ತಿಂಗಳಿಂದ ಮುಂಗಾಲು ಕುಂಟುತ್ತಿದೆ. ಹೊಸ ಲಾಳ ಹೊಡೆಸಿದರೆ ನಾಲ್ಕು ದಿನ ಸರಿಯಿದ್ದು ಮತ್ತೆ ಕುಂಟುತ್ತದೆ. ಲಾಳವನ್ನೇ ತೆಗೆಸಿ, ಗೊರಸನ್ನು ಸಹಜವಾಗಿ ಗಟ್ಟಿಯಾಗಲು ಬಿಡಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನಂಬಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಂಬಬಹುದು, ಆದರೆ ಲಾಳ ಕಿತ್ತ ಮರುದಿನವೇ ಗಾಡಿಗೆ ಹೂಡುವುದಾದರೆ ಬೇಡ. ಮೊದಲು ಪಶುವೈದ್ಯರಿಗೆ ತೋರಿಸಿ. ಗೊರಸು ಬಿಸಿಯಾಗಿದ್ದು, ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಮೈಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಅದು ಗೊರಸಿನೊಳಗಿನ ಉರಿಯೂತದ ಲಕ್ಷಣ.

ಹಾಗಿಲ್ಲವಾದರೆ, ಕುದುರೆಯನ್ನು ಸಮತಟ್ಟಾದ ನೆಲದ ಮೇಲೆ ನಡೆಸಿ, ಗೊರಸಿನ ಹಿಮ್ಮಡಿ ಮೊದಲು ಊರುತ್ತದೆಯೋ ಮುಂತುದಿಯೋ ಎಂದು ಪಕ್ಕದಲ್ಲಿ ನಿಂತು ಗಮನಿಸಿ. ಗೊರಸಿನ ಅಡಿಯಲ್ಲಿ ರಬ್ಬರಿನಂತಹ ತ್ರಿಕೋನಾಕಾರದ ಭಾಗವೊಂದಿದೆ. ಅದೂ ಅದರ ಮೇಲಿನ ಮೆತ್ತೆಯೂ ಸೇರಿ ಹೆಜ್ಜೆಯ ಪೆಟ್ಟನ್ನು ತಾಳಿಕೊಳ್ಳುತ್ತವೆ. ಲಾಳವು ಆ ಭಾಗವನ್ನು ನೆಲದಿಂದ ಮೇಲೆತ್ತಿ ಹಿಡಿದಾಗ ಅದು ಕೆಲಸವಿಲ್ಲದೆ ಸೊರಗುತ್ತದೆ. ಸೊರಗಿದ ಹಿಮ್ಮಡಿ ನೋಯುವುದರಿಂದ ಕುದುರೆ ತುದಿಯೂರಿ ನಡೆಯುತ್ತದೆ. ಹಾಗೆ ನಡೆದಷ್ಟೂ ಹಿಮ್ಮಡಿ ಇನ್ನಷ್ಟು ಸೊರಗುತ್ತದೆ. ಆ ತ್ರಿಕೋನದ ನಡುಸೀಳಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ಮೆಲ್ಲಗೆ ಇಳಿಸಿ ನೋಡಿ. ಕಡ್ಡಿ ಆಳಕ್ಕಿಳಿದು, ಹತ್ತಿಗೆ ನಾರುವ ಕಪ್ಪು ಕೊಳೆ ಅಂಟಿ, ಕುದುರೆ ಕಾಲನ್ನು ಕಿತ್ತುಕೊಂಡರೆ ಅಲ್ಲಿ ಕೊಳೆತ ಹಿಡಿದಿದೆ ಎಂದರ್ಥ. ಅದು ವಾಸಿಯಾಗದೆ ಯಾವ ಉಪಾಯವೂ ಫಲಿಸದು. ಗಂಜಲ ನಿಲ್ಲದ ಒಣ ಲಾಯವೇ ಅದಕ್ಕೆ ಅರ್ಧ ಔಷಧ.

ಗೊರಸು ಮೇಲಿನಿಂದ ಕೆಳಕ್ಕೆ ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮುಂತುದಿ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಅಷ್ಟು ಕಾಲವೂ 4ರಿಂದ 6 ವಾರಕ್ಕೊಮ್ಮೆ ಉದ್ದ ಬೆಳೆದ ತುದಿಯನ್ನು ಅರದಿಂದ ಉಜ್ಜಿಸಿ, ಅಂಚನ್ನು ದುಂಡಗೆ ಮಾಡಿಸಬೇಕು. ಅಂಗಾಲನ್ನು ಚೊಕ್ಕಟವಾಗಿ ಕಾಣಲೆಂದು ಕೆತ್ತಲು ಮಾತ್ರ ಯಾರಿಗೂ ಬಿಡಬೇಡಿ. ಕೆತ್ತಿ ತೆಳುವಾದ ಅಂಗಾಲಿಗೆ ಪ್ರತಿ ಕಲ್ಲೂ ಚುಚ್ಚುತ್ತದೆ.

ಲಾಳ ತೆಗೆಸಿದ ಆರಂಭದಲ್ಲಿ ಮೆತ್ತನೆಯ ಮಣ್ಣಿನ ಮೇಲೆ, ನೋವಿಲ್ಲದಷ್ಟೇ ಹೊತ್ತು, ದಿನಕ್ಕೆರಡು ಬಾರಿ ಕೈಯಲ್ಲಿ ಹಿಡಿದು ನಡೆಸಿ. ಹಿಮ್ಮಡಿಯೂರಿ ನಡೆಯತೊಡಗಿದ ಮೇಲೆ ಉರುಟು ಹರಳುಗಳ ನೆಲಕ್ಕೆ ತನ್ನಿ. ಸುಮಾರು 2,400 ವರ್ಷಗಳ ಹಿಂದೆಯೇ ಗ್ರೀಸಿನ ಲೇಖಕ ಕ್ಸೆನೊಫೋನ್, ಕುದುರೆ ನಿಲ್ಲುವ ಅಂಗಳದಲ್ಲಿ ನಾಲ್ಕೈದು ಗಾಡಿ ದುಂಡುಕಲ್ಲು ಹರಡಿ ಗೊರಸನ್ನು ಗಟ್ಟಿಮಾಡಬೇಕೆಂದು ಬರೆದಿದ್ದ. ಮೇವಿನಲ್ಲಿ ಒಣಹುಲ್ಲಿಗೇ ಮೊದಲ ಸ್ಥಾನವಿರಲಿ. ಬೆಲ್ಲವನ್ನು ಬಿಡಿ, ಧಾನ್ಯವನ್ನು ನಿಧಾನವಾಗಿ ತಗ್ಗಿಸಿ.

ಇಷ್ಟು ದಿನ ಗಾಡಿ ನಿಂತರೆ ಮನೆ ನಡೆಯುವುದು ಕಷ್ಟವೆಂದು ಬಲ್ಲೆ. ಆದರೂ ನೋವು ಪೂರ್ತಿ ಹೋಗುವವರೆಗೆ ಹೂಡಬೇಡಿ. ದಿನವಿಡೀ ಟಾರು ರಸ್ತೆಯಲ್ಲಿ ಎಳೆದರೆ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯಬಹುದಾದ್ದರಿಂದ, ಗುಣವಾದ ಮೇಲೂ ದುಡಿಮೆಯ ಹೊತ್ತಿನಲ್ಲಿ ಗೊರಸಿಗೆ ತೊಡಿಸುವ ರಬ್ಬರ್ ಬೂಟು ಬೇಕಾದೀತು. ಅದು ಸಿಗದಿದ್ದರೆ ಮತ್ತೆ ಲಾಳ ಹೊಡೆಸಿ, ಮಳೆಗಾಲದಂತಹ ಬಿಡುವಿನ ತಿಂಗಳುಗಳಲ್ಲಿ ಅದನ್ನು ತೆಗೆಸಿಡಿ.