ಠಾಣೆಯ ಮನೆಸುದ್ದಿ ಊರಿಗೇಕೆ?

ಮಾನ್ಯರೇ,

ತಮ್ಮ ನಾಲ್ಕು ಪುಟಗಳ ಪತ್ರ ತಲುಪಿದೆ. ಹೆಸರನ್ನು ಪ್ರಕಟಿಸಬಾರದೆಂದು ತಾವು ಕೋರಿರುವುದರಿಂದ ಪತ್ರದ ಸಾರವನ್ನಷ್ಟೇ ಓದುಗರ ಮುಂದಿಟ್ಟು ಉತ್ತರಿಸುತ್ತೇನೆ. ಪ್ರೌಢಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದ ತಾವು ಅಮೆರಿಕದ ಹ್ಯೂಸ್ಟನ್ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದು ಬಂದಿದ್ದೀರಿ. ಅಲ್ಲಿನ ಗ್ರಂಥಾಲಯದ ಬಾಗಿಲ ಬಳಿ ಇಟ್ಟಿದ್ದ ಶೆರಿಫ್ ಕಚೇರಿಯ ವಾರ್ತಾಪತ್ರವೊಂದನ್ನು ಮನೆಗೆ ತಂದು ಪೂರ್ತಿ ಓದಿದ್ದೀರಿ. ಅದರಲ್ಲಿ ನಿವೃತ್ತರಾದ ಸಾರ್ಜೆಂಟ್ ಒಬ್ಬರ ಬೀಳ್ಕೊಡುಗೆ, ಬಡ್ತಿ ಪಡೆದವರ ಪಟ್ಟಿ, ಪ್ರಾಥಮಿಕ ಶಾಲೆಯಲ್ಲಿ ನೆಲದ ಮೇಲೆ ಕುಳಿತು ಮಕ್ಕಳಿಗೆ ಕಥೆ ಓದುತ್ತಿದ್ದ ಸಮವಸ್ತ್ರಧಾರಿಯ ಚಿತ್ರ, ವಯಸ್ಸಾಗಿ ಕೆಲಸ ಬಿಟ್ಟ ಪೊಲೀಸ್ ನಾಯಿಗೆ ಹಾರೈಕೆ, ಇವೆಲ್ಲ ಇದ್ದವಂತೆ. "ಪೊಲೀಸರ ಮನೆಸುದ್ದಿಯನ್ನು ಊರವರು ಏಕೆ ಓದಬೇಕು? ಇದು ಸರ್ಕಾರಿ ಹಣದಲ್ಲಿ ನಡೆಯುವ ಆತ್ಮಪ್ರಶಂಸೆಯಲ್ಲವೇ?" ಎಂದು ಕೇಳಿದ್ದೀರಿ. ಶೆರಿಫ್ ಎಂದರೆ ಮುಂಬೈಯ ಶೆರಿಫ್ ಇದ್ದಂತೆಯೇ ಎಂಬುದು ತಮ್ಮ ಇನ್ನೊಂದು ಪ್ರಶ್ನೆ. ಮೊಮ್ಮಗಳ ವಿಷಯವಾಗಿ ಕೇಳಿದ್ದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮುಂಬೈಯ ಶೆರಿಫ್ ಪದವಿ ಇಂದು ಕೇವಲ ಗೌರವದ್ದು. ದಿಲೀಪ್ ಕುಮಾರ್, ಸುನಿಲ್ ಗಾವಸ್ಕರ್ ಅವರಂಥವರನ್ನು ಸರ್ಕಾರ ಅದಕ್ಕೆ ನೇಮಿಸಿತ್ತು; ಅವರ ಕೈಯಲ್ಲಿ ಲಾಠಿಯೂ ಇರಲಿಲ್ಲ, ಲಾಕಪ್ಪೂ ಇರಲಿಲ್ಲ. ಈ ಪದವಿಗೂ ಅಮೆರಿಕದ ಶೆರಿಫ್ ಪದವಿಗೂ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ 'ಶೈರ್' ಎಂದರೆ ಸೀಮೆ, 'ರೀವ್' ಎಂದರೆ ಅದರ ಮೇಲ್ವಿಚಾರಕ. ಸೀಮೆಯಲ್ಲಿ ಅರಸನ ಪರವಾಗಿ ಕಂದಾಯ ಮತ್ತು ಶಾಂತಿಯನ್ನು ನೋಡಿಕೊಳ್ಳುತ್ತಿದ್ದವನೇ ಮುಂದೆ ಶೆರಿಫ್ ಆದನು. ನಮ್ಮಲ್ಲಿಗೆ ಬಂದ ಪದವಿ ಸವೆದು ಅಲಂಕಾರವಾಗಿ ಉಳಿಯಿತು, ಅಮೆರಿಕಕ್ಕೆ ಹೋದದ್ದು ಬಲಿಯಿತು. ಅಲ್ಲಿ ಇಂದು ಮೂರು ಸಾವಿರಕ್ಕೂ ಹೆಚ್ಚು ಶೆರಿಫರಿದ್ದಾರೆ, ಮತ್ತು ಬಹುಪಾಲು ರಾಜ್ಯಗಳಲ್ಲಿ ಅವರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಹ್ಯೂಸ್ಟನ್ ಇರುವ ಟೆಕ್ಸಾಸ್ ರಾಜ್ಯದಲ್ಲಿ ಅವಧಿ ನಾಲ್ಕು ವರ್ಷ. ನಗರಗಳಿಗೆ ತಮ್ಮದೇ ಪೊಲೀಸ್ ಇಲಾಖೆ ಇರುತ್ತದೆ. ನಗರದ ಗಡಿಯಾಚೆಗಿನ ಬಡಾವಣೆ, ಹಳ್ಳಿ, ಹೆದ್ದಾರಿಗಳೆಲ್ಲ ಕೌಂಟಿಯ, ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ಘಟಕದ, ಶೆರಿಫರ ಪಾಲಿಗೆ ಬರುತ್ತವೆ. ಕೌಂಟಿಯ ಜೈಲನ್ನು ನಡೆಸುವವರೂ ಸಾಮಾನ್ಯವಾಗಿ ಅವರೇ. ಹಲವು ರಾಜ್ಯಗಳಲ್ಲಿ ನ್ಯಾಯಾಲಯದ ಕಾವಲು, ಸಮನ್ಸ್ ಜಾರಿ, ಬಾಡಿಗೆದಾರರನ್ನು ತೆರವುಗೊಳಿಸುವುದು ಮುಂತಾಗಿ ನಮ್ಮಲ್ಲಿ ಅಮೀನರು ಮಾಡುವ ಕೆಲಸವೂ ಅವರದೇ. ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ತಮ್ಮ ಮಗಳ ಬೀದಿಯಲ್ಲಿ 'ಕಾನ್‌ಸ್ಟೆಬಲ್' ಎಂದು ಬರೆದ ವಾಹನವೂ ಓಡಾಡುತ್ತಿತ್ತು ಎಂದು ಬರೆದಿದ್ದೀರಿ. ಟೆಕ್ಸಾಸಿನ ಕಾನ್‌ಸ್ಟೆಬಲ್ ನಮ್ಮ ಪೇದೆಯಲ್ಲ. ಆತನೂ ಚುನಾಯಿತ ಅಧಿಕಾರಿ, ಶೆರಿಫರಿಗಿರುವಂತೆ ಆತನ ಕೆಳಗೂ ಡೆಪ್ಯುಟಿಗಳು, ಅಂದರೆ ಸಮವಸ್ತ್ರಧಾರಿ ಅಧಿಕಾರಿಗಳು, ಇರುತ್ತಾರೆ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ಅಂಥ ಎಂಟು ವಿಭಾಗಗಳಿವೆ.

ಶೆರಿಫ್ ಚುನಾಯಿತರು ಎಂಬ ಈ ಒಂದು ಸಂಗತಿಯಿಂದಲೇ ತಾವು ಓದಿದ ವಾರ್ತಾಪತ್ರ ಹುಟ್ಟುತ್ತದೆ. ನಮ್ಮ ಜಿಲ್ಲೆಯ ಎಸ್‌ಪಿಯವರನ್ನು ಕಳುಹಿಸುವುದೂ ಕರೆಸಿಕೊಳ್ಳುವುದೂ ಸರ್ಕಾರ. ಅವರು ಜನರ ಪ್ರೀತಿ ಗಳಿಸಿದರೂ ಗಳಿಸದಿದ್ದರೂ ವರ್ಗಾವಣೆಯ ಪಟ್ಟಿ ಬರುವುದು ತನ್ನ ಪಾಡಿಗೆ. ಶೆರಿಫರಾದರೋ ನಾಲ್ಕು ವರ್ಷಕ್ಕೊಮ್ಮೆ ತಮ್ಮ ಸಿಬ್ಬಂದಿಯ ಕೆಲಸವನ್ನು ಮತದಾರರಿಗೆ ತೋರಿಸಿ ಮತ್ತೆ ಮತ ಕೇಳಬೇಕು. ಆದ್ದರಿಂದ ತಮ್ಮ ಸಂಶಯದಲ್ಲಿ ಹುರುಳಿದೆ. ಆ ಹಾಳೆಯಲ್ಲಿ ಪ್ರಚಾರದ ಅಂಶ ಖಂಡಿತ ಇದೆ. ಆದರೂ ಅದನ್ನು ಬರೀ ಪ್ರಚಾರವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅದಕ್ಕೆ ಕಾರಣ ಅದೇ ಹ್ಯಾರಿಸ್ ಕೌಂಟಿಯ ಶೆರಿಫ್ ಕಚೇರಿಯಲ್ಲಿ ಕೆಲಸ ಮಾಡಿದ ಒಬ್ಬ ಡೆಪ್ಯುಟಿ.

ಸಂದೀಪ್ ಸಿಂಗ್ ಧಾಲಿವಾಲ್ ಭಾರತೀಯ ಮೂಲದವರು. ಅಲ್ಲಿನ ಸಿಖ್ ಕುಟುಂಬವೊಂದರ ಜೊತೆ ಅಧಿಕಾರಿಗಳು ನಡೆದುಕೊಂಡ ರೀತಿಯಿಂದ ಇಡೀ ಸಮುದಾಯ ನೊಂದಿದ್ದ ಹೊತ್ತಿನಲ್ಲಿ, ಆಗಿನ ಶೆರಿಫ್ ಏಡ್ರಿಯನ್ ಗಾರ್ಸಿಯಾ ಅವರು ಸಿಖ್ಖರೊಡನೆ ಮಾತುಕತೆಗೆ ಮುಂದಾದರು. ಆಗ ತಮ್ಮ ಟ್ರಕ್ ವ್ಯವಹಾರವನ್ನು ಬಿಟ್ಟು 2009ರಲ್ಲಿ ಇಲಾಖೆಗೆ ಸೇರಿದವರು ಧಾಲಿವಾಲ್. 2015ರಲ್ಲಿ ಪೇಟ ಮತ್ತು ಗಡ್ಡದೊಂದಿಗೇ ಸಮವಸ್ತ್ರ ಧರಿಸಿ ಗಸ್ತು ತಿರುಗಲು ಅವರಿಗೆ ಅನುಮತಿ ಸಿಕ್ಕಿತು. ಆ ದಿನಕ್ಕೆ ಅದೂ ಒಂದು 'ಸಿಬ್ಬಂದಿ ಸುದ್ದಿ'ಯೇ: ಒಬ್ಬ ನೌಕರನ ಉಡುಪಿನ ನಿಯಮ ಬದಲಾಯಿತು, ಅಷ್ಟೇ. ಆದರೆ ಪೇಟ ಕಂಡರೆ ಅನುಮಾನದಿಂದ ನೋಡುವವರಿದ್ದ ಊರಿನಲ್ಲಿ, ಪೇಟ ಧರಿಸಿದವರೇ ಕಾನೂನಿನ ಪರವಾಗಿ ಬಂದು ಬಾಗಿಲು ತಟ್ಟುತ್ತಾರೆ ಎಂದಾಗ ಆ ಬೀದಿಯ ಮಕ್ಕಳು ಏನನ್ನು ಕಲಿಯುತ್ತಾರೆ ಎಂಬುದನ್ನು ಶಿಕ್ಷಕಿಯಾದ ತಮಗೆ ನಾನು ಹೇಳಬೇಕಾಗಿಲ್ಲ. 2017ರಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ನನ್ನು ಮುಳುಗಿಸಿದಾಗ ಹೊರಗಿನಿಂದ ಬಂದ ಪರಿಹಾರ ಸಾಮಗ್ರಿಯನ್ನು ಜನರಿಗೆ ತಲುಪಿಸುವ ಕೆಲಸದಲ್ಲಿಯೂ ಅವರಿದ್ದರು.

2019ರ ಸೆಪ್ಟೆಂಬರ್ 27ರಂದು, ಹಾಡಹಗಲಿನಲ್ಲಿ, ಒಂದು ವಾಹನವನ್ನು ತಡೆದು ವಿಚಾರಿಸಿ ತಮ್ಮ ಕಾರಿನತ್ತ ಹಿಂತಿರುಗುತ್ತಿದ್ದ ಧಾಲಿವಾಲರನ್ನು ಹಿಂದಿನಿಂದ ಗುಂಡಿಕ್ಕಿ ಕೊಲ್ಲಲಾಯಿತು. ಅವರಿಗೆ 42 ವರ್ಷ. ಮೂವರು ಮಕ್ಕಳ ತಂದೆ. ಅಂತಿಮ ನಮನಕ್ಕೆ ಸಾವಿರಾರು ಜನ ಸೇರಿದರು, ಅವರಲ್ಲಿ ಸಿಖ್ಖರಲ್ಲದವರ ಸಂಖ್ಯೆ ದೊಡ್ಡದಿತ್ತು. ಹ್ಯೂಸ್ಟನ್ನಿನ ಅಂಚೆ ಕಚೇರಿಯೊಂದಕ್ಕೆ ಈಗ ಅವರ ಹೆಸರಿದೆ. ಅಷ್ಟು ಜನ ಅತ್ತದ್ದು ಸಮವಸ್ತ್ರಕ್ಕಾಗಿ ಅಲ್ಲ. ಆ ಹೊತ್ತಿಗೆ ಹತ್ತು ವರ್ಷಗಳಿಂದ ಅವರ ಮುಖ, ಹೆಸರು, ನಗು ಊರಿಗೆ ಗೊತ್ತಿದ್ದವು. ವಾರ್ತಾಪತ್ರದ ಬಡ್ತಿ, ಬೀಳ್ಕೊಡುಗೆ, ಶಾಲಾ ಭೇಟಿಗಳ ಸಾಲುಗಳಿಗೆ ಅರ್ಥ ಬರುವುದು ಇಲ್ಲಿ. ಸಂಕಟದ ರಾತ್ರಿ ಬಾಗಿಲಿಗೆ ಬರುವವರು ನೆಮ್ಮದಿಯ ದಿನಗಳಲ್ಲೇ ಪರಿಚಿತರಾಗಿದ್ದರೆ ಮನುಷ್ಯ ಬಾಯಿ ಬಿಡುತ್ತಾನೆ. ಪರಿಚಯವಿಲ್ಲದಿದ್ದರೆ ಬಾಗಿಲನ್ನೇ ತೆರೆಯುವುದಿಲ್ಲ.

ಇದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಅಮೆರಿಕದಲ್ಲಿ 1984ರಿಂದ ವರ್ಷಕ್ಕೊಮ್ಮೆ ಬಡಾವಣೆಯವರೂ ಪೊಲೀಸರೂ ಬೀದಿಯಲ್ಲಿ ಸೇರುವ ಸಂಜೆಯೊಂದು ನಡೆಯುತ್ತದೆ. ಅದಕ್ಕೆ 'ನ್ಯಾಷನಲ್ ನೈಟ್ ಔಟ್' ಎಂದು ಹೆಸರು. ಬೇರೆಡೆ ಆಗಸ್ಟಿನ ಮೊದಲ ಮಂಗಳವಾರ ನಡೆಯುವ ಅದು, ಟೆಕ್ಸಾಸಿನಲ್ಲಿ ಬೇಸಿಗೆಯ ಧಗೆಯ ಕಾರಣದಿಂದ ಸಾಮಾನ್ಯವಾಗಿ ಅಕ್ಟೋಬರಿನ ಮೊದಲ ಮಂಗಳವಾರ ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ತಮ್ಮನ ಮನೆಗೆ ಹೋಗಿದ್ದಾಗ ಅವನ ಬೀದಿಯ ಕೊನೆಯಲ್ಲಿ ಮಡಚುವ ಮೇಜು ಹಾಕಿ ಪಾನಕ, ಬಿಸ್ಕತ್ತು ಇಟ್ಟಿದ್ದರು. ಶೆರಿಫ್ ಕಚೇರಿಯ ಡೆಪ್ಯುಟಿ ಒಬ್ಬರು ಮಕ್ಕಳನ್ನು ಒಬ್ಬೊಬ್ಬರಾಗಿ ಕಾರಿನಲ್ಲಿ ಕೂರಿಸಿ ಕೆಂಪು ನೀಲಿ ದೀಪದ ಗುಂಡಿಯನ್ನು ಒತ್ತಲು ಬಿಡುತ್ತಿದ್ದರು. ನಮ್ಮ ಕಡೆಯ ಹಿರಿಯರೊಬ್ಬರು, ಹಾಸನದವರು, ಸ್ವೆಟರಿನ ಮೇಲೆ ಶಾಲು ಹೊದ್ದು ದೂರದಲ್ಲೇ ನಿಂತಿದ್ದರು. "ಪೊಲೀಸರ ಹತ್ತಿರ ನಮಗೇನು ಕೆಲಸ" ಎಂದು ನನಗೆ ಮೆಲ್ಲಗೆ ಹೇಳಿದರು. ಡೆಪ್ಯುಟಿಯೇ ಅವರ ಬಳಿಗೆ ಬಂದು ಹೆಸರು ಕೇಳಿದರು. ಒಮ್ಮೆ ಕೇಳಿ ತಿಳಿಯಲಿಲ್ಲ, ಮತ್ತೆ ಕೇಳಿದರು. ಕಿಸೆಯಿಂದ ಚಿಕ್ಕ ಪುಸ್ತಕ ತೆಗೆದು, ಹಿರಿಯರು ಹೇಳಿದ ಹಾಗೆ ಅಕ್ಷರ ಬಿಡಿಸಿ ಬರೆದುಕೊಂಡು, ತಿರುಗಿಸಿ ತೋರಿಸಿ, ಸರಿಯೇ ಎಂದು ಕೇಳಿದರು. ಆ ಮೇಲೆ ಹಿರಿಯರು ತಾವಾಗಿಯೇ ಮಾತು ತೆಗೆದರು. ತಮ್ಮ ಹೆಂಡತಿಗೆ ಮರೆವಿನ ಕಾಯಿಲೆ, ಒಂದೆರಡು ಸಲ ಮನೆ ಬಿಟ್ಟು ನಡೆದುಬಿಟ್ಟಿದ್ದಾಳೆ, ಅವಳಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬಾರದು ಎಂದರು. ಮಗನ ಮುಂದೆಯೂ ಹೇಳಲು ಹಿಂಜರಿಯುತ್ತಿದ್ದ ಮಾತನ್ನು ಅವರು ಆ ಬೀದಿದೀಪದ ಕೆಳಗೆ, ನನ್ನ ತಮ್ಮನ ಮೂಲಕ ಅನುವಾದ ಮಾಡಿಸಿ, ಅಪರಿಚಿತ ಅಧಿಕಾರಿಗೆ ಹೇಳಿದರು.

ಅಂಥವರಿಗೆಂದೇ ಅಲ್ಲಿ ಏರ್ಪಾಟುಗಳಿವೆ. ಮರೆವಿನ ರೋಗಿಗಳಿಗೂ ಆಟಿಸಂ ಇರುವ ಮಕ್ಕಳಿಗೂ ಸಂಕೇತ ಹೊರಡಿಸುವ ಕೈಪಟ್ಟಿಯನ್ನು ತೊಡಿಸಿ, ಕಾಣೆಯಾದರೆ ಬೇಗ ಪತ್ತೆ ಹಚ್ಚುವ 'ಪ್ರಾಜೆಕ್ಟ್ ಲೈಫ್‌ಸೇವರ್' 1999ರಲ್ಲಿ ವರ್ಜೀನಿಯಾದ ಚೆಸಪೀಕ್‌ನಲ್ಲಿ ಆರಂಭವಾಗಿ, ಈಗ ಅನೇಕ ಶೆರಿಫ್ ಕಚೇರಿಗಳಲ್ಲಿ ನಡೆಯುತ್ತಿದೆ. ಒಂಟಿಯಾಗಿರುವ ವೃದ್ಧರಿಗೆ ದಿನಕ್ಕೊಮ್ಮೆ ದೂರವಾಣಿ ಕರೆ ಮಾಡಿ, ಎತ್ತದಿದ್ದರೆ ಮನೆಗೆ ಹೋಗಿ ನೋಡುವ ಕಚೇರಿಗಳಿವೆ. ಮನೆಯಲ್ಲಿ ಉಳಿದುಹೋದ ಮಾತ್ರೆಗಳನ್ನು ತಂದು ಹಾಕಲು ಪೆಟ್ಟಿಗೆ ಇಟ್ಟಿರುವ ಕಚೇರಿಗಳೂ ಇವೆ. ಇವುಗಳ ಸುದ್ದಿ ಇಂಥ ವಾರ್ತಾಪತ್ರಗಳ ಮೂಲೆಯಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ನಾಯಿಯ ಚಿತ್ರ ನೋಡಿ ಹಾಳೆಯನ್ನು ಮಡಚಿಟ್ಟವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಮಕ್ಕಳ ಮನೆಯಲ್ಲಿ ಹಗಲೆಲ್ಲ ಒಂಟಿಯಾಗಿ ಕುಳಿತಿರುವ ನಮ್ಮ ಹಿರಿಯರಲ್ಲಿ ಎಷ್ಟು ಜನರಿಗೆ ಈ ನಾಲ್ಕು ಸಾಲು ಬೇಕಾಗಿದೆ ಎಂಬುದನ್ನು ನೆನೆದರೆ, ಅಲ್ಲಿನ ಕನ್ನಡ ಕೂಟಗಳು ಇದನ್ನು ಕನ್ನಡಕ್ಕೆ ತಂದು ಹಂಚಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ತಮಗೆ ಅನ್ಯಾಯ ಮಾಡಿದಂತಾಗುತ್ತದೆ. ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಆಗಿ 1998ರಿಂದ 2014ರವರೆಗೆ ಇದ್ದ ಲೀ ಬಾಕಾ ಅವರು ಸಮುದಾಯಗಳೊಡನೆ ಬೆರೆಯುವುದರಲ್ಲಿ ಹೆಸರಾಗಿದ್ದರು; ಎಲ್ಲ ಧರ್ಮಗಳ ಮುಖಂಡರನ್ನೂ ಜೊತೆಗೂಡಿಸಿಕೊಂಡಿದ್ದರು, ಮಸೀದಿಗಳಿಗೂ ಹೋಗುತ್ತಿದ್ದರು. ಅದೇ ಅವಧಿಯಲ್ಲಿ ಅವರ ಜೈಲುಗಳಲ್ಲಿ ಕೈದಿಗಳನ್ನು ಸಿಬ್ಬಂದಿಯೇ ಥಳಿಸುತ್ತಿದ್ದರು. ಅದರ ಬಗ್ಗೆ ಎಫ್‌ಬಿಐ ನಡೆಸುತ್ತಿದ್ದ ತನಿಖೆಗೆ ಅಡ್ಡಿಪಡಿಸಿದ ಅಪರಾಧಕ್ಕೆ 2017ರಲ್ಲಿ ಬಾಕಾ ಅವರಿಗೇ ಮೂರು ವರ್ಷಗಳ ಶಿಕ್ಷೆಯಾಯಿತು. ಬೀದಿಯಲ್ಲಿ ಕೈಕುಲುಕಿದ್ದು ಸುಳ್ಳಲ್ಲ, ಒಳಗೆ ನಡೆದದ್ದೂ ಸುಳ್ಳಲ್ಲ. ಕೌಂಟಿ ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚಿನವರ ಅಪರಾಧ ಇನ್ನೂ ಸಾಬೀತಾಗಿರುವುದಿಲ್ಲ. ಜಾಮೀನಿನ ಹಣ ಹೊಂದಿಸಲಾಗದೆ ಒಳಗುಳಿದ ಬಡವರು ಅವರಲ್ಲಿ ಅನೇಕ. ಕಥೆ ಓದುವ ಡೆಪ್ಯುಟಿಯ ಚಿತ್ರ ತೆಗೆಯಲು ಛಾಯಾಗ್ರಾಹಕರು ಬರುತ್ತಾರೆ, ಈ ಕೈದಿಗಳ ಚಿತ್ರ ತೆಗೆಯಲು ಯಾರೂ ಬರುವುದಿಲ್ಲ.

ಆದ್ದರಿಂದ ವಾರ್ತಾಪತ್ರವನ್ನು ಓದುವವರು ಅದರ ಪಕ್ಕದಲ್ಲಿ ಇನ್ನೊಂದು ಕಾಗದವನ್ನೂ ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಟೆಕ್ಸಾಸಿನಲ್ಲಿ ಕೌಂಟಿ ಜೈಲುಗಳನ್ನು ತಪಾಸಣೆ ಮಾಡಲು 1975ರಲ್ಲಿ ರಾಜ್ಯಮಟ್ಟದ ಆಯೋಗವನ್ನು ಸ್ಥಾಪಿಸಲಾಯಿತು. ಅದರ ವರದಿಗಳನ್ನು ಸಾರ್ವಜನಿಕರು ನೋಡಬಹುದು. ಬಂಧನದಲ್ಲಿರುವವರು ಸತ್ತರೆ ರಾಜ್ಯದ ಅಟಾರ್ನಿ ಜನರಲ್‌ಗೆ ಲಿಖಿತ ವರದಿ ಕೊಡಬೇಕೆಂಬ ಕಾನೂನೂ ಅಲ್ಲಿದೆ. ತಮ್ಮ ಮಗಳು ಅಮೆರಿಕದ ಪೌರತ್ವ ಪಡೆದಿದ್ದಾರೆ ಎಂದು ಬರೆದಿದ್ದೀರಿ. ಹಾಗಿದ್ದರೆ ಅವರು ಮತದಾರರು, ಶೆರಿಫರ ಯಜಮಾನರಲ್ಲಿ ಒಬ್ಬರು. ಯಾರಿಗೆ ಬಡ್ತಿ ಸಿಕ್ಕಿತು ಎಂದು ಓದುವಷ್ಟೇ ಆಸಕ್ತಿಯಿಂದ, ಜೈಲಿನಲ್ಲಿ ಸಿಬ್ಬಂದಿ ಎಷ್ಟು ಕಡಿಮೆ ಇದ್ದಾರೆ, ಕಳೆದ ತಪಾಸಣೆಯಲ್ಲಿ ಯಾವ ಕೊರತೆ ಕಂಡುಬಂತು ಎಂದು ಅವರು ಕೇಳಬಹುದು, ಕೇಳಬೇಕು.

"ನಮ್ಮ ಠಾಣೆಗಳಲ್ಲಿ ಇದು ಏಕಿಲ್ಲ?" ಎಂದೂ ವ್ಯಥೆಪಟ್ಟಿದ್ದೀರಿ. ಪೂರ್ತಿ ಇಲ್ಲವೆನ್ನಲಾಗದು. ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದು, ಪ್ರತಿ ಬೀಟಿಗೂ ಹೊಣೆಗಾರ ಪೊಲೀಸರನ್ನು ನಿಗದಿಪಡಿಸಿ ಆ ಪ್ರದೇಶದ ನಾಗರಿಕರನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವ ಪ್ರಯತ್ನ ನಡೆಯಿತು. ತಮ್ಮ ಬೀಟಿನ ಸಿಬ್ಬಂದಿ ಯಾರೆಂದು ತಮಗೆ ಗೊತ್ತಿಲ್ಲದಿದ್ದರೆ ಠಾಣೆಗೆ ಹೋಗಿ ಕೇಳಿ. ಕೇಳುವ ಅಧಿಕಾರ ತಮಗಿದೆ.

ಇನ್ನು ಮೊಮ್ಮಗಳ ವಿಷಯ. ಹದಿನೈದು ವರ್ಷದ ಆಕೆ ಶೆರಿಫ್ ಕಚೇರಿಯ 'ಎಕ್ಸ್‌ಪ್ಲೋರರ್' ತಂಡಕ್ಕೆ ಸೇರಬೇಕೆನ್ನುತ್ತಾಳೆ, ತಾಯಿ ಬೇಡವೆನ್ನುತ್ತಾರೆ, ತಮ್ಮನ್ನು ನಡುವೆ ನಿಲ್ಲಿಸಿದ್ದಾರೆ. ಹದಿಹರೆಯದವರಿಗೆ ಪೊಲೀಸ್ ಕೆಲಸದ ಪರಿಚಯ ಮಾಡಿಕೊಡುವ ತಂಡವದು. ಕವಾಯತು, ಪ್ರಥಮ ಚಿಕಿತ್ಸೆ, ಊರ ಹಬ್ಬಗಳಲ್ಲಿ ಸ್ವಯಂಸೇವೆ ಇವೆಲ್ಲ ಇರುತ್ತವೆ. ಹುಡುಗಿಯ ಆಸೆ ಒಳ್ಳೆಯದು, ಅದನ್ನು ಚಿವುಟಬೇಡಿ. ತಾಯಿಯ ಅಂಜಿಕೆಯೂ ಸುಮ್ಮನೆ ಹುಟ್ಟಿದ್ದಲ್ಲ: ಅಮೆರಿಕದ ಕೆಲವು ಕಡೆ ಇಂಥ ತಂಡಗಳ ಮಕ್ಕಳೊಂದಿಗೆ ಅಧಿಕಾರಿಗಳು ಅನುಚಿತವಾಗಿ ವರ್ತಿಸಿದ ಪ್ರಕರಣಗಳು ನ್ಯಾಯಾಲಯದವರೆಗೆ ಹೋಗಿವೆ. ತಾಯಿ ಮಗಳು ಒಟ್ಟಿಗೆ ಮೊದಲ ಸಭೆಗೆ ಹೋಗಲಿ. ಮಕ್ಕಳ ಜೊತೆ ಸದಾ ಇಬ್ಬರು ಹಿರಿಯರು ಇರುತ್ತಾರೆಯೇ, ಗಸ್ತು ವಾಹನದಲ್ಲಿ ಒಬ್ಬ ಅಧಿಕಾರಿಯೊಡನೆ ಒಂಟಿಯಾಗಿ ಕಳುಹಿಸುತ್ತಾರೆಯೇ, ಅಧಿಕಾರಿಗಳು ಮಕ್ಕಳಿಗೆ ಖಾಸಗಿಯಾಗಿ ಸಂದೇಶ ಕಳುಹಿಸುವುದನ್ನು ನಿಷೇಧಿಸಿದ್ದಾರೆಯೇ, ದೂರಿದ್ದರೆ ಯಾರ ಬಳಿ ಹೇಳಬೇಕು ಎಂದು ನೇರವಾಗಿ ಕೇಳಲಿ. ಉತ್ತರ ಬರವಣಿಗೆಯಲ್ಲಿ ಸಿಕ್ಕರೆ ಸೇರಿಸಬಹುದು. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟು ಹಾಕಿಕೊಂಡರೆ ಅಲ್ಲಿಂದ ಮನೆಗೆ ಕರೆದುಕೊಂಡು ಬರಲಿ.

ತಮ್ಮ ವಿಶ್ವಾಸಿ,
ಸಂಪಾದಕ