ಕ್ಲಾಟ್ ಟೈಮ್‌ಟೇಬಲ್ ವಾರಕ್ಕೇ ಕೈಕೊಡುತ್ತಿದ್ದರೆ
ಕ್ಲಾಟ್‌ಗೆ, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಗೆ, ದಿನಕ್ಕೆ 4 ಗಂಟೆ, ಐದು ವಿಭಾಗಕ್ಕೂ ಸಮಪಾಲು ಅಂತ ಹಾಕಿಕೊಂಡಿದ್ದು ವಾರಕ್ಕೇ ತಪ್ಪಿಹೋಗುತ್ತಿದ್ದರೆ, ತೊಂದರೆ ಬಹುಶಃ ಆ ಸಮಪಾಲಿನಲ್ಲೇ ಇದೆ. ಕ್ಲಾಟ್‌ನ 120 ಪ್ರಶ್ನೆಗಳಲ್ಲಿ ಗಣಿತದ್ದು 10ರಿಂದ 14 ಮಾತ್ರ. ಕಾನೂನು, ಪ್ರಚಲಿತ ವಿದ್ಯಮಾನ ತಲಾ 28ರಿಂದ 32.

ಮೊದಲು ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು 2 ಗಂಟೆಯಲ್ಲಿ ಬರೆಯಿರಿ. ಅಂಕ ಬಿಡಿ, ಸಮಯ ಎಲ್ಲಿ ಸೋರಿತು ನೋಡಿ. ಆಮೇಲೆ ಬೆಳಿಗ್ಗೆ 45 ನಿಮಿಷ ನ್ಯೂಸ್‌ಪೇಪರ್ ಓದು, ಸಂಜೆ ಒಂದೂವರೆ ಗಂಟೆ ಪ್ಯಾಸೇಜ್‌ಗಳು (ಓದಿ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಗದ್ಯಭಾಗಗಳು). ಗಣಿತ ವಾರಕ್ಕೆ 3 ದಿನ ಸಾಕು. ಭಾನುವಾರ ಅರ್ಧ ದಿನ ಖಾಲಿ ಬಿಡಿ, ವಾರದಲ್ಲಿ ತಪ್ಪಿದ್ದೆಲ್ಲ ಅಲ್ಲಿಗೆ ಬಂದು ಕೂರುತ್ತೆ.

ಮಾಕ್ ಟೆಸ್ಟ್ 15 ದಿನಕ್ಕೊಂದು, ಕೊನೆಯ 2 ತಿಂಗಳು ವಾರಕ್ಕೊಂದು. ಬರೆದಷ್ಟೇ ಹೊತ್ತು ತಪ್ಪು ನೋಡೋದಕ್ಕೂ ಇಡಿ. ತಪ್ಪು ಬರೆದಿಡುತ್ತಿದ್ದ ನನ್ನ ನೋಟ್‌ಬುಕ್‌ನಲ್ಲಿ ಪದೇ ಪದೇ ಬಂದ ಸಾಲು: 'ಪ್ಯಾಸೇಜ್‌ನಲ್ಲಿ ಕೊಟ್ಟ ನಿಯಮ ಬಿಟ್ಟು ನನಗೆ ಗೊತ್ತಿದ್ದ ಕಾನೂನು ಹಾಕಿದೆ.' ಒಂದು ತಪ್ಪಿಗೆ 0.25 ಅಂಕ ಹೋಗುತ್ತೆ, ಸುಮ್ನೆ ಊಹಿಸಬೇಡಿ.

ಕಾಲೇಜು ಮುಗಿಸಿ ಬಂದ ಮೇಲೆ ನಿಮಗೆ ಎಷ್ಟು ಶಕ್ತಿ ಉಳಿಯುತ್ತೆ ಅಂತ ನಾನು ಹೇಳಲಾರೆ. ಸಂಜೆ ಕಣ್ಣು ಎಳೆಯುತ್ತಿದ್ದರೆ ಪ್ಯಾಸೇಜ್‌ಗಳನ್ನು ಬೆಳಿಗ್ಗೆಗೆ ಹಾಕಿ, ಪೇಪರ್ ಸಂಜೆಗಿರಲಿ.